ಕಾಡಿನ ಬಂಗಲೆಗೆ ಅಷ್ಟು ದೊಡ್ಡ ಬಾಗಿಲು ಯಾಕೆ? ಸಾಂಟನೋನಿಯ ಗೇಟ್ ಲಾಡ್ಜ್ ಕಥೆ

ಅಕ್ಟೋಬರ್ ಬಂತೆಂದರೆ ನ್ಯೂಯಾರ್ಕ್ ರಾಜ್ಯದಲ್ಲಿರುವ ಕನ್ನಡದ ಮನೆಗಳಿಂದ ಊರಿಗೆ ಫೋಟೋಗಳು ಹೊರಡುತ್ತವೆ. ಕೆಂಪು ಹಳದಿ ಎಲೆಗಳ ಕಾಡು, ಸರೋವರ, ಬೆಟ್ಟ. ಈ ಸಲ ನಮ್ಮ ಮನೆಯಿಂದ ಹೋದ ಫೋಟೋದಲ್ಲಿ ಎಲೆಗಿಂತ ಕಲ್ಲೇ ಜಾಸ್ತಿ ಇತ್ತು. ಕಾಡಿನ ಅಂಚಿನಲ್ಲಿ ಒಂದು ದೊಡ್ಡ ಕಲ್ಲಿನ ಕಮಾನು. ಅದಕ್ಕೆ ಅಂಟಿಕೊಂಡೇ ಒಂದು ಮನೆ. ಕಮಾನಿನ ಕೆಳಗೆ ಹಾದು ಕಾಡಿನೊಳಗೆ ಹೋಗುವ ದಾರಿ. ಊರಿನಿಂದ ಅಮ್ಮ ಕೇಳಿದರು: "ಇದು ಯಾರ ಮನೆ ಕಣೋ? ಒಳಗೆ ಯಾರೂ ಇಲ್ವಾ?"

ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ರಾಜ್ಯದ ರಾಜಧಾನಿ ಆಲ್ಬನಿಯ ಒಬ್ಬ ಬ್ಯಾಂಕ್ ಮಾಲೀಕರ ಎಸ್ಟೇಟು, ಈಗ ಸರ್ಕಾರದ್ದು, ಯಾರೂ ಇಲ್ಲ ಅಂತ. ಆದರೆ ಆ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಆ ಕಮಾನಿನ ಮನೆಯಲ್ಲಿ ಬ್ಯಾಂಕ್ ಮಾಲೀಕರು ವಾಸ ಮಾಡಲೇ ಇಲ್ಲ. ಮತ್ತೆ ಸರ್ಕಾರದ ಕೈಗೆ ಬಂದಿದ್ದಕ್ಕೇ ಆ ಮನೆಗಳು ಹೆಚ್ಚುಕಡಿಮೆ ಬಿದ್ದುಹೋಗುವುದರಲ್ಲಿದ್ದವು. ಹಾಗಾಗಿ ಸ್ವಲ್ಪ ಬುಡದಿಂದಲೇ ಹೇಳುತ್ತೇನೆ.

ಜಾಗ ಎಲ್ಲಿದೆ

ನ್ಯೂಯಾರ್ಕ್ ಅಂದ ಕೂಡಲೇ ನಮಗೆ ಕಣ್ಣ ಮುಂದೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳ ನಗರ. ಅದೇ ಹೆಸರಿನ ರಾಜ್ಯದ ಉತ್ತರ ಭಾಗದಲ್ಲಿ ಅಡಿರಾಂಡಕ್ ಎಂಬ ಬೆಟ್ಟಕಾಡಿನ ಸೀಮೆ ಇದೆ. 1892ರಲ್ಲಿ ಅದನ್ನು ಅಡಿರಾಂಡಕ್ ಪಾರ್ಕ್ ಎಂದು ಘೋಷಿಸಿದರು. ಈಗ ಅದರ ವಿಸ್ತೀರ್ಣ ಸುಮಾರು 60 ಲಕ್ಷ ಎಕರೆ. ಅಂದರೆ ಕರ್ನಾಟಕದ ಎಂಟನೇ ಒಂದು ಭಾಗದಷ್ಟು.

ಪಾರ್ಕ್ ಅಂದರೆ ನಮ್ಮ ಬಂಡೀಪುರದ ಹಾಗೆ ಪೂರ್ತಿ ಅರಣ್ಯ ಇಲಾಖೆಯ ಕಾಡು ಅಂತ ತಿಳಿಯಬೇಡಿ. ಅರ್ಧಕ್ಕೆ ಸ್ವಲ್ಪ ಕಡಿಮೆ ಜಾಗ ಮಾತ್ರ ರಾಜ್ಯದ್ದು. ಉಳಿದದ್ದು ಖಾಸಗಿಯವರದು. ಊರುಗಳಿವೆ, ಶಾಲೆಗಳಿವೆ, ಮರದ ಕಂಪನಿಗಳ ಜಮೀನಿದೆ. ಎಲ್ಲವೂ ಒಂದೇ ಗೆರೆಯ ಒಳಗೆ. ಆ ಗೆರೆಯನ್ನು ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿ ಎಳೆದಿದ್ದರಿಂದ ಜನ ಇಂದಿಗೂ ಅದನ್ನು ನೀಲಿ ಗೆರೆ ಅಂತಲೇ ಕರೆಯುತ್ತಾರೆ.

ಈ ಗೆರೆಯ ನಡುವೆ ನ್ಯೂಕಂ ಎಂಬ ಪುಟ್ಟ ಊರಿದೆ. ಆ ಊರಿನ ಪಕ್ಕದಲ್ಲೇ ಕ್ಯಾಂಪ್ ಸಾಂಟನೋನಿ. ಹತ್ತಿರದ ಒಂದು ಶಿಖರದ ಹೆಸರೂ ಅದೇ. ಸಂತ ಆಂಟನಿ ಎಂಬ ಹೆಸರು ಅಬೆನಾಕಿ ಎಂಬ ಮೂಲನಿವಾಸಿಗಳ ಬಾಯಲ್ಲಿ ಹೀಗಾಯಿತು ಎನ್ನುತ್ತಾರೆ.

ಗ್ರೇಟ್ ಕ್ಯಾಂಪ್ ಅಂದರೆ ಏನು

ಕ್ಯಾಂಪ್ ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ಡೇರೆ ಹಾಕಿಕೊಂಡು ಮಲಗುವ ಕ್ಯಾಂಪ್ ಇದಲ್ಲ. ಅಡಿರಾಂಡಕ್ಕಿನಲ್ಲಿ ಕಾಡಿನ ಮನೆಗೆಲ್ಲ ಕ್ಯಾಂಪ್ ಅನ್ನುವುದು ರೂಢಿ. ಅದರಲ್ಲಿ ತೀರಾ ದೊಡ್ಡವಕ್ಕೆ ಗ್ರೇಟ್ ಕ್ಯಾಂಪ್ ಎಂಬ ಹೆಸರು ಬಂತು.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬ್ಯಾಂಕು, ರೈಲ್ವೆ, ಕಾರ್ಖಾನೆಗಳಿಂದ ಕೆಲವರ ಕೈಯಲ್ಲಿ ಭಾರಿ ದುಡ್ಡು ಸೇರಿತು. ನಗರಗಳು ಹೊಗೆ, ಜನಜಂಗುಳಿ, ರೋಗದಿಂದ ತುಂಬಿದ್ದವು. ರೈಲು ಕಾಡಿನ ಅಂಚಿನವರೆಗೂ ಬಂದಿತ್ತು. ದುಡ್ಡಿದ್ದವರು ಸಾವಿರಾರು ಎಕರೆ ಕಾಡು ಕೊಂಡರು. ನಡುವೆ ಒಂದು ಸರೋವರ, ಅದರ ದಡದಲ್ಲಿ ಬಂಗಲೆ.

ಆ ಬಂಗಲೆಗಳಿಗೆ ಒಂದು ಮಾದರಿ ಹಾಕಿಕೊಟ್ಟವರಲ್ಲಿ ವಿಲಿಯಂ ವೆಸ್ಟ್ ಡ್ಯುರಾಂಟ್ ಮುಖ್ಯರು. ಅಲ್ಲೇ ಸಿಗುವ ಮರದ ದಿಮ್ಮಿ, ಅಲ್ಲೇ ಸಿಗುವ ಕಲ್ಲು. ಎಷ್ಟೋ ಕಡೆ ತೊಗಟೆಯನ್ನೂ ತೆಗೆಯುತ್ತಿರಲಿಲ್ಲ. ಒಂದೇ ದೊಡ್ಡ ಕಟ್ಟಡದ ಬದಲು ಊಟಕ್ಕೆ ಒಂದು, ಮಲಗಲು ಒಂದು, ಅಡುಗೆಗೆ ಒಂದು ಎಂದು ಬಿಡಿಬಿಡಿಯಾಗಿ ಕಟ್ಟುತ್ತಿದ್ದರು. ನಮ್ಮ ಹಳೇ ಮನೆಗಳಲ್ಲಿ ಬಚ್ಚಲು, ಕೊಟ್ಟಿಗೆ ಬೇರೆ ಇರುತ್ತಿತ್ತಲ್ಲ, ಆ ಥರ. ಮರದ ಮನೆಗೆ ಬೆಂಕಿಯ ಭಯ ಜಾಸ್ತಿ. ಅಡುಗೆಮನೆಗೆ ಬೆಂಕಿ ಬಿದ್ದರೆ ಮಲಗುವ ಮನೆಯಾದರೂ ಉಳಿಯಲಿ ಎಂಬುದು ಅದರ ಹಿಂದಿನ ಒಂದು ಲೆಕ್ಕಾಚಾರ.

ಸಾಂಟನೋನಿಯನ್ನು ಕಟ್ಟಿಸಿದವರು ರಾಬರ್ಟ್ ಸಿ. ಪ್ರೈನ್, ಆಲ್ಬನಿಯ ಬ್ಯಾಂಕ್ ಮಾಲೀಕರು. ಅವರ ಎಸ್ಟೇಟು ಬೆಳೆದು 12,900 ಎಕರೆ ಆಯಿತು. ನ್ಯೂಕಂ ಲೇಕ್ ಎಂಬ ಸರೋವರದ ದಡದಲ್ಲಿ 1892-93ರಲ್ಲಿ ಮುಖ್ಯ ಬಂಗಲೆ ಎದ್ದಿತು. ವಾಸ್ತುಶಿಲ್ಪಿ ರಾಬರ್ಟ್ ಎಚ್. ರಾಬರ್ಟ್‌ಸನ್. ಸುಮಾರು 1,500 ಸ್ಪ್ರೂಸ್ ಮರಗಳ ದಿಮ್ಮಿ ಬಳಕೆಯಾಯಿತು. ಇಲ್ಲಿಯೂ ಕಟ್ಟಡಗಳು ಬಿಡಿಬಿಡಿ. ಆದರೆ ಎಲ್ಲದರ ಮೇಲೂ ಒಂದೇ ವಿಶಾಲವಾದ ಚಾವಣಿ, ನಡುವೆ ಉದ್ದನೆಯ ಜಗಲಿಗಳು. ಪ್ರೈನ್ ಅವರ ತಂದೆ 1860ರ ದಶಕದಲ್ಲಿ ಜಪಾನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. ಹುಡುಗನಾಗಿದ್ದಾಗ ಮಗನೂ ಅಲ್ಲಿದ್ದು ಬಂದಿದ್ದ. ಈ ಚಾವಣಿಯಲ್ಲಿ ಜಪಾನಿನ ನೆರಳು ಕಾಣುವುದು ಅದರಿಂದ.

ಬಂಗಲೆಯ ಬಗ್ಗೆ ಇಷ್ಟು ಸಾಕು. ಫೋಟೋ ತೆಗೆಯುವವರೆಲ್ಲ ಅದರದ್ದೇ ತೆಗೆಯುತ್ತಾರೆ. ನಾನು ಹೇಳಬೇಕು ಅಂದುಕೊಂಡಿರುವುದು ಬಾಗಿಲಿನ ಬಗ್ಗೆ.

ಬಾಗಿಲು ಇಲ್ಲಿ, ಮನೆ ಏಳೂವರೆ ಕಿಲೋಮೀಟರ್ ಆಚೆ

ಹೆಬ್ಬಾಗಿಲು ಅಂದರೆ ನಮಗೆ ಗೊತ್ತು. ಊರಿಗೊಂದು, ಕೋಟೆಗೊಂದು, ವಾಡೆಗೊಂದು. ಬಾಗಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ಮನೆ. ಸಾಂಟನೋನಿಯಲ್ಲಿ ಬಾಗಿಲಿಗೂ ಮನೆಗೂ ನಡುವೆ 4.7 ಮೈಲಿ ಕಾಡಿದೆ. ಅಂದರೆ ಸುಮಾರು ಏಳೂವರೆ ಕಿಲೋಮೀಟರ್.

ಗೇಟ್ ಲಾಡ್ಜ್ ಅನ್ನುವುದು ಈ ಬಾಗಿಲಿನ ಮನೆಯ ಹೆಸರು. 1905ರಲ್ಲಿ ಕಟ್ಟಿದ್ದು. ಅಂದರೆ ಬಂಗಲೆ ಆದ ಮೇಲೆ ಹನ್ನೆರಡು ವರ್ಷಕ್ಕೆ. ನಕ್ಷೆ ಮಾಡಿದ್ದು ಡೆಲಾನೊ ಮತ್ತು ಆಲ್ಡ್ರಿಚ್ ಎಂಬ ಇಬ್ಬರು ವಾಸ್ತುಶಿಲ್ಪಿಗಳ ಸಂಸ್ಥೆ. ಆಗ ಅದು ಶುರುವಾಗಿ ಎರಡೇ ವರ್ಷ. ಮುಂದೆ ಇವರೇ ರಾಕ್‌ಫೆಲ್ಲರ್ ಕುಟುಂಬದ ಮನೆಗೂ ಕೆಲಸ ಮಾಡಿ ಹೆಸರಾದರು.

ಮನೆ ಒಳಗೆ ಎಲ್ಲೋ ಇರುವಾಗ ಬಾಗಿಲಲ್ಲಿ ಇಷ್ಟು ದೊಡ್ಡ ಕಲ್ಲಿನ ಕಮಾನು ಯಾಕೆ? ಒಂದು ಕಾರಣ ಸುಲಭವಾಗಿ ಹೊಳೆಯುತ್ತದೆ. ಇಲ್ಲಿಂದ ಆಚೆ ನಮ್ಮದು ಎಂದು ಹೇಳುವುದು. ಆಗಿನ ನೆಂಟರು ಬರುತ್ತಿದ್ದ ದಾರಿ ನೆನೆಸಿಕೊಂಡರೆ ಇನ್ನೊಂದು ಕಾರಣ ಹೊಳೆಯುತ್ತದೆ. ಆಲ್ಬನಿ ಕಡೆಯಿಂದ ರೈಲಿನಲ್ಲಿ ಹೊರಟು ನಾರ್ತ್ ಕ್ರೀಕ್ ಎಂಬ ಕೊನೆಯ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಕುದುರೆ ಗಾಡಿಯಲ್ಲಿ ನಲವತ್ತು ಕಿಲೋಮೀಟರ್‌ಗೂ ಜಾಸ್ತಿ. ಗಾಡಿಯ ಕುಲುಕಾಟದಲ್ಲಿ ಸುಸ್ತಾದವರಿಗೆ ಕಮಾನು ಕಂಡರೆ ಬಂದೆವು ಅನ್ನಿಸಬೇಕು. ಇನ್ನೂ ಏಳೂವರೆ ಕಿಲೋಮೀಟರ್ ಇದೆ, ನಿಜ. ಆದರೆ ಅಲ್ಲಿ ಒಬ್ಬರು ಎದುರುಗೊಳ್ಳುತ್ತಾರೆ. ಬೆಂಕಿ ಉರಿಯುತ್ತಿರುತ್ತದೆ.

ಈ ಎರಡನೆಯ ಕಾರಣವೇ ನನಗೆ ದೊಡ್ಡದಾಗಿ ಕಾಣುತ್ತದೆ. ಯಾಕೆಂದರೆ ಬೆಂಕಿ ಉರಿಯುತ್ತಿರಬೇಕಾದರೆ ಯಾರಾದರೂ ಅದನ್ನು ಹಚ್ಚಿರಬೇಕು, ಅಲ್ವಾ?

ಬಾಗಿಲ ಮನೆಯಲ್ಲಿ ಇದ್ದವರು

ಪ್ರೈನ್ ಕುಟುಂಬ ಇಲ್ಲಿ ವರ್ಷಪೂರ್ತಿ ಇರುತ್ತಿರಲಿಲ್ಲ. ರಜೆ ಕಳೆಯಲು, ಬೇಟೆಗೆ, ಮೀನು ಹಿಡಿಯಲು ಬಂದು ಹೋಗುವವರು. ಥಿಯೊಡೋರ್ ರೂಸ್‌ವೆಲ್ಟ್‌ರಂಥ ಅತಿಥಿಗಳೂ ಬಂದು ಹೋದವರೇ. ಹಿಮ, ಕೆಸರು, ಮಳೆ ಎಲ್ಲದರಲ್ಲೂ ಇಲ್ಲೇ ಇರುತ್ತಿದ್ದವರು ಕೆಲಸದವರು.

ಗೇಟ್ ಲಾಡ್ಜ್‌ನಲ್ಲಿ ಕೆಲಸದವರಿಗೆ ಆರು ಮಲಗುವ ಕೋಣೆಗಳಿದ್ದವು. ಅದರ ಸುತ್ತಮುತ್ತ ಕೇರ್‌ಟೇಕರ್ ಮನೆ, ಕೊಟ್ಟಿಗೆ, ಗಾಡಿ ನಿಲ್ಲಿಸುವ ಮಾಡು. ಇಲ್ಲಿಂದ ಸುಮಾರು ಒಂದು ಮೈಲಿ ಒಳಗೆ ಹೋದರೆ ಫಾರ್ಮ್, ಅಂದರೆ ಎಸ್ಟೇಟಿನ ಸ್ವಂತ ತೋಟ ಮತ್ತು ಹೈನು. ಕಲ್ಲಿನಲ್ಲಿ ಕಟ್ಟಿದ ಬೆಣ್ಣೆಮನೆ, ದೊಡ್ಡ ದನದ ಕೊಟ್ಟಿಗೆ, ಕೋಳಿಮನೆ, ಕೆಲಸದ ಕುಟುಂಬಗಳ ಮನೆಗಳು. ಬಂಗಲೆಯ ಊಟದ ಮೇಜಿನ ಹಾಲು, ಬೆಣ್ಣೆ, ಮೊಟ್ಟೆ ಇಲ್ಲಿಂದ ಹೋಗುತ್ತಿತ್ತು. ಅಲ್ಲಿಗೆ ಎಸ್ಟೇಟು ಮೂರು ತುಂಡು: ಬಾಗಿಲು, ಫಾರ್ಮ್, ಬಂಗಲೆ. ಮೂರರಲ್ಲಿ ಎರಡು ಪೂರ್ತಿ ಕೆಲಸದವರದು. ಮೂರನೆಯದರಲ್ಲೂ ಅಡುಗೆಮನೆಯ ಭಾಗ ಅವರದೇ.

ಕೇರ್‌ಟೇಕರ್ ಎಂಬ ಪದಕ್ಕೆ ನಮ್ಮಲ್ಲಿ ಹತ್ತಿರದ್ದು ಯಾವುದು? ಪ್ರವಾಸಿ ಮಂದಿರದ ಮೇಟಿ ನೆನಪಾಗುತ್ತಾರೆ. ಬೀಗದ ಕೈ ಅವರ ಹತ್ತಿರ, ನೀರು ಕಾಯಿಸುವುದು ಅವರು, ಸಾಹೇಬರು ಬರುವ ಸುದ್ದಿ ಮೊದಲು ಗೊತ್ತಾಗುವುದೂ ಅವರಿಗೇ. ಕಾಫಿ ತೋಟದ ರೈಟರ್ ಕೂಡ ನೆನಪಾಗುತ್ತಾರೆ, ಆಳುಗಳ ಲೆಕ್ಕ, ಸಾಮಾನಿನ ಲೆಕ್ಕ ಇಡುವವರು. ಅಡಿರಾಂಡಕ್ಕಿನ ಕೇರ್‌ಟೇಕರ್ ಇವರಿಬ್ಬರನ್ನೂ ಸೇರಿಸಿದಂಥವರು. ಜೊತೆಗೆ ಬಡಗಿ, ಕಾವಲುಗಾರ, ಕಾಡಿನ ದಾರಿ ತೋರಿಸುವವರು. ಸಾಮಾನ್ಯವಾಗಿ ಹತ್ತಿರದ ಊರಿನವರೇ. ಎಷ್ಟೋ ಕ್ಯಾಂಪುಗಳಲ್ಲಿ ಈ ಕೆಲಸ ಅಪ್ಪನಿಂದ ಮಗನಿಗೆ ಬಂತು.

ಇಂಥ ಎಸ್ಟೇಟಿನಲ್ಲಿ ಅವರ ವರ್ಷ ಹೇಗಿರುತ್ತಿತ್ತು ನೋಡಿ. ಚಳಿಗಾಲದಲ್ಲಿ ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಆಗ ಗರಗಸ ಹಿಡಿದು ಸರೋವರವನ್ನೇ ಇಟ್ಟಿಗೆಗಳಂತೆ ಕತ್ತರಿಸಬೇಕು. ಆ ಮಂಜುಗಡ್ಡೆಗಳನ್ನು ಜಾರುಬಂಡಿಯಲ್ಲಿ ಎಳೆದು ತಂದು ಐಸ್ ಮನೆಯಲ್ಲಿ ಪೇರಿಸಬೇಕು. ಸಂದುಗಳಿಗೆ ಮರದ ಹೊಟ್ಟು ತುಂಬಬೇಕು. ಹೊಟ್ಟು ಹೊರಗಿನ ಶಾಖವನ್ನು ತಡೆಯುತ್ತದೆ. ಹಾಗಾಗಿ ಜನವರಿಯಲ್ಲಿ ಕತ್ತರಿಸಿದ ಮಂಜು ಆಗಸ್ಟಿನಲ್ಲೂ ಕರಗದೆ ಸಿಗುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಯಜಮಾನರ ಮೇಜಿಗೆ ಬೇಸಿಗೆಯಲ್ಲಿ ತಣ್ಣನೆಯ ಹಾಲು ಬರುತ್ತಿದ್ದದ್ದು ಹೀಗೆ.

ಹಿಮ ಬಿದ್ದಾಗ ಚಾವಣಿ ಹತ್ತಿ ತಳ್ಳಬೇಕು. ಬಂಗಲೆಯ ಚಾವಣಿ ಎಷ್ಟಿದೆ ಗೊತ್ತಾ? ಸುಮಾರು 16,000 ಚದರ ಅಡಿ. ಬೆಂಗಳೂರಿನ 30 ಅಡಿ 40 ಅಡಿ ಸೈಟು 1,200 ಚದರ ಅಡಿ ಅಲ್ವಾ, ಅಂಥ ಹದಿಮೂರು ಸೈಟುಗಳಷ್ಟು. ಅಷ್ಟರ ಮೇಲೆ ಬಿದ್ದ ಹಿಮದ ಭಾರ ಹಾಗೇ ಬಿಟ್ಟರೆ ತೊಲೆ ಮುರಿಯುತ್ತದೆ. ಹಿಮ ಕರಗುವಾಗ ದಾರಿಯೆಲ್ಲ ಕೆಸರು. ಕೊಚ್ಚಿಹೋದ ಕಡೆ ಮಣ್ಣು ಹಾಕಬೇಕು, ಸೇತುವೆ ನೋಡಬೇಕು. ಆಮೇಲೆ ಸೌದೆ. ಬಂಗಲೆಯ ಒಲೆಗಳಿಗೆ, ಅಡುಗೆಗೆ, ಫಾರ್ಮಿಗೆ, ಬಾಗಿಲ ಮನೆಗೆ. ಕಡಿದು, ಸೀಳಿ, ಒಣಗಿಸಿ ಇಟ್ಟರೆ ಮುಂದಿನ ವರ್ಷಕ್ಕೆ ಆಗುತ್ತದೆ.

ಇದನ್ನೆಲ್ಲ ಬಾಗಿಲಿನ ಹತ್ತಿರ ಕೂತು ನಡೆಸುವುದರಲ್ಲಿ ಅರ್ಥವಿದೆ. ಬಾಗಿಲು ಊರಿಗೆ ಹತ್ತಿರ. ಅಂಚೆ, ಅಂಗಡಿ, ಡಾಕ್ಟರು, ಮಕ್ಕಳ ಶಾಲೆ ಎಲ್ಲ ಆ ಕಡೆ. ಸಾಮಾನು ಬರುವುದು ಇಲ್ಲಿಗೆ. ಅದನ್ನು ವಿಂಗಡಿಸಿ ಒಳಗೆ ಕಳಿಸುವುದು ಇಲ್ಲಿಂದ. ಯಜಮಾನರು ಏಕಾಂತ ಬೇಕೆಂದು ಕಾಡಿನ ಒಳಗೆ ಹೋದರು. ಆ ಏಕಾಂತ ನಡೆಯುವಂತೆ ನೋಡಿಕೊಳ್ಳುವವರು ಊರಿನ ಅಂಚಿನಲ್ಲಿ ಉಳಿದರು. ಗೇಟ್ ಲಾಡ್ಜ್ ನೋಡಲು ಹೋದಾಗ ಕಮಾನಿನ ಮುಂದೆ ಮಾತ್ರ ನಿಲ್ಲಬೇಡಿ ಎಂದು ನಾನು ಹೇಳುವುದು ಇದಕ್ಕೇ. ಪಕ್ಕದ ಮನೆಯನ್ನೂ, ಮಾಡುಗಳನ್ನೂ ಒಂದು ಸುತ್ತು ಹಾಕಿ.

ಕಾಡನ್ನು ಉಳಿಸಿದ ಕಾನೂನು, ಮನೆಗೆ ಮುಳುವಾದ ಕಾನೂನು

ಈಗ ಅಮ್ಮನ ಎರಡನೇ ಪ್ರಶ್ನೆ. ಒಳಗೆ ಯಾರೂ ಇಲ್ಲ, ಯಾಕೆ?

ಪ್ರೈನ್ 1934ರಲ್ಲಿ ತೀರಿಕೊಂಡರು. 1953ರಲ್ಲಿ ಅವರ ಕುಟುಂಬ ಎಸ್ಟೇಟನ್ನು ಸಿರಕ್ಯೂಸ್ ನಗರದ ಮೆಲ್ವಿನ್ ಕುಟುಂಬಕ್ಕೆ ಮಾರಿತು. 1971ರ ಬೇಸಿಗೆಯಲ್ಲಿ ಆ ಕುಟುಂಬದ 8 ವರ್ಷದ ಹುಡುಗನೊಬ್ಬ ಇಲ್ಲಿ ಕಾಡಿನಲ್ಲಿ ಕಾಣೆಯಾದ. ದೊಡ್ಡ ಹುಡುಕಾಟ ನಡೆಯಿತು. ಹುಡುಗ ಸಿಗಲೇ ಇಲ್ಲ. ಆಮೇಲೆ ಆ ಕುಟುಂಬ ಇಲ್ಲಿ ಇರಲಿಲ್ಲ. ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಮೂಲಕ 1972ರಲ್ಲಿ ಎಸ್ಟೇಟು ನ್ಯೂಯಾರ್ಕ್ ರಾಜ್ಯದ ಕೈಗೆ ಬಂತು.

ತೊಡಕು ಶುರುವಾದದ್ದು ಇಲ್ಲಿ. ನ್ಯೂಯಾರ್ಕ್ ರಾಜ್ಯಕ್ಕೆ ತನ್ನದೇ ಸಂವಿಧಾನ ಇದೆ. 1894ರಲ್ಲಿ ಅದಕ್ಕೆ ಒಂದು ಮಾತು ಸೇರಿಸಿದರು. ಅಡಿರಾಂಡಕ್ಕಿನಲ್ಲಿ ರಾಜ್ಯಕ್ಕೆ ಸೇರಿದ ಅರಣ್ಯ ಭೂಮಿಯನ್ನು ಎಂದೆಂದಿಗೂ ಕಾಡಾಗಿಯೇ ಇಡಬೇಕು. ಅದನ್ನು ಮಾರುವ ಹಾಗಿಲ್ಲ, ಗುತ್ತಿಗೆ ಕೊಡುವ ಹಾಗಿಲ್ಲ, ಬದಲಿಗೆ ಕೊಡುವ ಹಾಗಿಲ್ಲ. ಅಲ್ಲಿನ ಮರ ಕಡಿಯುವ ಹಾಗಿಲ್ಲ. ಆಗ ಮರದ ವ್ಯಾಪಾರ ಬೆಟ್ಟಗಳನ್ನು ಬೋಳು ಮಾಡುತ್ತಿತ್ತು. ಕಾಡು ಹೋದರೆ ಹೊಳೆಗಳ ನೀರು ಹೋಗುತ್ತದೆ ಎಂದು ಜನ ಹೆದರಿದ್ದರು. ಈ ಬಿಗಿ ಕಾನೂನಿಂದಲೇ ಅಡಿರಾಂಡಕ್ ಇವತ್ತು ಹಸಿರಾಗಿದೆ.

ಆದರೆ ಸಾಂಟನೋನಿಯ 12,900 ಎಕರೆ ಸರ್ಕಾರಿ ಕಾಡಿಗೆ ಸೇರಿದ ದಿನ, ಅದರ ಮೇಲಿದ್ದ ಮನೆಗಳೂ ಕಾಡಿನ ಲೆಕ್ಕಕ್ಕೆ ಬಂದವು. ಎಂದೆಂದಿಗೂ ಕಾಡು ಎಂದಮೇಲೆ ಅಲ್ಲಿ ಮನೆ ಯಾಕೆ? ಅದನ್ನು ರಿಪೇರಿ ಮಾಡಲು ಸರ್ಕಾರದ ದುಡ್ಡು ಹಾಕಬಹುದಾ? ಬಾಡಿಗೆಗೆ ಕೊಡಬಹುದಾ? ಕಾನೂನನ್ನು ಗಟ್ಟಿಯಾಗಿ ಹಿಡಿದವರ ಉತ್ತರ, ಇಲ್ಲ. ಮನೆಗಳನ್ನು ತೆಗೆಯಬೇಕು, ಇಲ್ಲವೇ ತಾವಾಗಿ ಬೀಳಲು ಬಿಡಬೇಕು.

ಇದು ಬರೀ ವಾದವಾಗಿ ಉಳಿಯಲಿಲ್ಲ. ನೆಹಸಾನಿ ಎಂಬ ಇನ್ನೊಂದು ದೊಡ್ಡ ಕ್ಯಾಂಪ್ ಇತ್ತು. ಅದರ ಬಂಗಲೆಯೂ ರಾಬರ್ಟ್‌ಸನ್ ಅವರದ್ದೇ ಕೈಕೆಲಸ. ಅದು ರಾಜ್ಯದ ಕೈಗೆ ಬಂದ ಮೇಲೆ 1980ರ ದಶಕದಲ್ಲಿ ಸರ್ಕಾರವೇ ನಾಶ ಮಾಡಿತು. ಸಾಂಟನೋನಿಯ ಮನೆಗಳು ಇಪ್ಪತ್ತು ವರ್ಷದ ಹತ್ತಿರ ಬೀಗ ಹಾಕಿಕೊಂಡು, ಸೋರಿಕೊಂಡು ನಿಂತವು. ಮನೆ ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ನಮಗೆ ಹೇಳಬೇಕಾಗಿಲ್ಲ. ಒಂದು ಹೆಂಚು ಸರಿದರೆ ಸಾಕು, ನೀರು ಗೋಡೆಗೆ ಇಳಿಯುತ್ತದೆ. ಮರದ ಮನೆಯಾದರೆ ಇನ್ನೂ ಬೇಗ. ಹಿಮ ತಳ್ಳುವವರು ಇಲ್ಲದ ಚಾವಣಿ ಎಷ್ಟು ದಿನ ನಿಂತೀತು?

ಕೆಲಸದವರ ಮನೆಗಾಗಿ ಇಡೀ ರಾಜ್ಯ ಓಟು ಹಾಕಿದಾಗ

ಇಲ್ಲಿ ಸಾಂಟನೋನಿ ಬಿಟ್ಟು ಪಕ್ಕದ ಒಂದು ಕಥೆಗೆ ಹೋಗಬೇಕು. ನನಗೆ ತುಂಬಾ ಇಷ್ಟವಾದ ಕಥೆ.

ಸ್ಯಾಗಮೋರ್ ಎಂಬ ಗ್ರೇಟ್ ಕ್ಯಾಂಪ್ ಡ್ಯುರಾಂಟ್ ಕಟ್ಟಿದ್ದು, 1897ರಲ್ಲಿ ಮುಗಿಯಿತು. 1901ರಲ್ಲಿ ಅದನ್ನು ವ್ಯಾಂಡರ್‌ಬಿಲ್ಟ್ ಕುಟುಂಬ ಕೊಂಡಿತು. 1975ರಲ್ಲಿ ಆ ಜಾಗ ಕೈ ಬದಲಾದಾಗ ಯಜಮಾನರ ಬಂಗಲೆಗಳು ಒಂದು ಶೈಕ್ಷಣಿಕ ಸಂಸ್ಥೆಗೆ ಹೋದವು. ಸುತ್ತಲಿನ ಕಾಡು ಸರ್ಕಾರಕ್ಕೆ ಹೋಯಿತು. ಆದರೆ ಕೇರ್‌ಟೇಕರ್ ಮತ್ತು ಕೆಲಸದವರ ಕೇರಿ ಬಂಗಲೆಯಿಂದ ಸ್ವಲ್ಪ ದೂರದಲ್ಲಿತ್ತು. ಬಡಗಿಮನೆ, ಕಮ್ಮಾರಸಾಲೆ, ಗಾಡಿಮನೆ, ಕೊಟ್ಟಿಗೆ, ಆಳುಗಳ ವಸತಿ. ಗೆರೆ ಎಳೆದಾಗ ಅದು ಸರ್ಕಾರದ ಕಡೆ ಬಿತ್ತು. ಅಂದರೆ ಎಂದೆಂದಿಗೂ ಕಾಡಾಗಬೇಕಾದ ಕಡೆ.

ಬಂಗಲೆ ಉಳಿದು ಕೆಲಸದವರ ಮನೆ ಬಿದ್ದರೆ ಉಳಿಯುವುದು ಅರ್ಧ ಕಥೆ. ಅದನ್ನು ಉಳಿಸಬೇಕಾದರೆ ಸಂವಿಧಾನವನ್ನೇ ತಿದ್ದಬೇಕಿತ್ತು. ನ್ಯೂಯಾರ್ಕಿನಲ್ಲಿ ಅದು ಸುಲಭ ಅಲ್ಲ. ಶಾಸನಸಭೆ ಒಮ್ಮೆ ಒಪ್ಪಬೇಕು. ಚುನಾವಣೆಯಾಗಿ ಹೊಸ ಸಭೆ ಬಂದ ಮೇಲೆ ಅದೂ ಒಪ್ಪಬೇಕು. ಕೊನೆಗೆ ರಾಜ್ಯದ ಜನ ಓಟು ಹಾಕಿ ಒಪ್ಪಬೇಕು. ಎಲ್ಲವೂ ಆಯಿತು. 1983ರಲ್ಲಿ ಜನ ಹೂಂ ಅಂದರು. ಕೆಲಸದವರ ಕೇರಿಯ 10 ಎಕರೆ ಆ ಸಂಸ್ಥೆಗೆ ಬಂತು. ಬದಲಿಗೆ ಸಂಸ್ಥೆ ಸುಮಾರು 200 ಎಕರೆ ಕಾಡನ್ನು ಸರ್ಕಾರಕ್ಕೆ ಕೊಟ್ಟಿತು. ನ್ಯೂಯಾರ್ಕ್ ಸಂವಿಧಾನದ 14ನೇ ವಿಧಿ ತೆಗೆದು ಓದಿದರೆ ಈ 10 ಎಕರೆಯ ಮಾತು ಇವತ್ತಿಗೂ ಅಲ್ಲಿದೆ.

ಕಮ್ಮಾರಸಾಲೆ, ಕೊಟ್ಟಿಗೆಗಳಿಗಾಗಿ ಒಂದು ಸಂವಿಧಾನ ತಿದ್ದಿದ್ದಾರೆ ಅಂತ ಮೊದಲು ಓದಿದಾಗ ನಾನು ಎರಡು ಸಲ ಓದಿ ನೋಡಿದೆ.

ಸಾಂಟನೋನಿ ಉಳಿದ ಬಗೆ

ಸಾಂಟನೋನಿಗೆ ಬೇರೆ ದಾರಿ ಸಿಕ್ಕಿತು. ಅದನ್ನು ಉಳಿಸಬೇಕು ಎಂಬ ಚಳವಳಿಯಿಂದಲೇ 1990ರಲ್ಲಿ ಅಡಿರಾಂಡಕ್ ಆರ್ಕಿಟೆಕ್ಚರಲ್ ಹೆರಿಟೇಜ್ ಎಂಬ ಸಂಸ್ಥೆ ಹುಟ್ಟಿತು. ಅದು, ನ್ಯೂಕಂ ಊರಿನ ಆಡಳಿತ ಮತ್ತು ರಾಜ್ಯದ ಪರಿಸರ ಇಲಾಖೆ ಸೇರಿ ಕೆಲಸ ಶುರುಮಾಡಿದರು. ಮೊದಲು ಚಾವಣಿ ಸೋರದಂತೆ ನೋಡುವುದು, ಆಮೇಲೆ ಕೊಳೆತ ದಿಮ್ಮಿ ಬದಲಿಸುವುದು.

2000ದಲ್ಲಿ ಕಾನೂನಿನ ಗಂಟು ಬಿಡಿಸಿದರು. ಕಾಡಿನ ನಡುವೆ ಕಟ್ಟಡಗಳು ನಿಂತ ಸುಮಾರು 32 ಎಕರೆಯನ್ನು ಮಾತ್ರ ಐತಿಹಾಸಿಕ ಪ್ರದೇಶ ಎಂದು ಬೇರೆ ವರ್ಗಕ್ಕೆ ಸೇರಿಸಿದರು. ಉಳಿದದ್ದೆಲ್ಲ ಕಾಡಾಗಿಯೇ ಉಳಿಯಿತು. ಬಟ್ಟೆಯ ಮೇಲೆ ಸಣ್ಣ ತೇಪೆ ಹಾಕಿದ ಹಾಗೆ. ಅದೇ ವರ್ಷ ಸಾಂಟನೋನಿಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆಯೂ ಸಿಕ್ಕಿತು.

ಎಲ್ಲವೂ ಉಳಿಯಲಿಲ್ಲ. 2004ರಲ್ಲಿ ಫಾರ್ಮಿನ ದೊಡ್ಡ ಕೊಟ್ಟಿಗೆ ಬೆಂಕಿಗೆ ಸಿಕ್ಕಿ ಹೋಯಿತು. ನೂರು ವರ್ಷ ಹಿಮ, ಮಳೆ ತಡೆದ ಮರ ಅದು. ನೆನೆದರೆ ಸಂಕಟವಾಗುತ್ತದೆ.

ಹೋಗುವವರಿಗೆ

ಆಲ್ಬನಿಯಿಂದ ನ್ಯೂಕಂ ಸುಮಾರು ಎರಡು ಗಂಟೆಯ ದಾರಿ. ಕಾರು ಗೇಟ್ ಲಾಡ್ಜ್ ಹತ್ತಿರವೇ ನಿಲ್ಲಿಸಬೇಕು. ಅದರಾಚೆ ಜನರ ವಾಹನ ಬಿಡುವುದಿಲ್ಲ. ಯಾಕೆ ಅಂತ ಈಗ ನಿಮಗೆ ಗೊತ್ತು: ಮನೆಗಳು ಐತಿಹಾಸಿಕ ಪ್ರದೇಶ, ನಡುವಿನದ್ದು ಕಾಡು. ನಡೆದು ಹೋಗಬಹುದು, ಸೈಕಲ್ಲಿನಲ್ಲಿ ಹೋಗಬಹುದು. ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಹಾಕಿಕೊಂಡು ಹೋಗುತ್ತಾರೆ. ಕುದುರೆ ಗಾಡಿಗೂ ಅವಕಾಶವಿದೆ.

ಹೋಗಿ ಬರಲು ಒಟ್ಟು 15 ಕಿಲೋಮೀಟರ್. ದಾರಿ ಅಗಲವಾಗಿದೆ, ಏರಿಳಿತ ಕಡಿಮೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಫಾರ್ಮಿನವರೆಗೆ ಹೋಗಿ ಹಿಂದಿರುಗಿದರೂ ನಷ್ಟವಿಲ್ಲ. ಒಂದೇ ಮೈಲಿ, ಕಲ್ಲಿನ ಬೆಣ್ಣೆಮನೆ ಅಲ್ಲೇ ಇದೆ. ನೀರು, ತಿಂಡಿ ಕಟ್ಟಿಕೊಂಡು ಹೋಗಿ. ಒಳಗೆ ಅಂಗಡಿ ಇಲ್ಲ.

ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಕೊನೆಗೆ ಅವರು ಕೇಳಿದ್ದು ಒಂದೇ. ಆ ಆರು ಕೋಣೆಗಳಲ್ಲಿ ಒಂದರ ಕಿಟಕಿ ಫೋಟೋದಲ್ಲಿ ಕಾಣುತ್ತದಾ, ದೊಡ್ಡದು ಮಾಡಿ ಕಳಿಸು ಅಂತ.